ನೆರಳಿನಲ್ಲಿ ತೂಗುವ ಬಳ್ಳಿ

ನಮ್ಮ ಮನೆಯ ಹಿಂದೆ 11 ಅಡಿ ಅಗಲ, 26 ಅಡಿ ಉದ್ದದ ಒಂದು ಪಟ್ಟಿ ಜಾಗವಿದೆ. ಅದರ ದಕ್ಷಿಣಕ್ಕೆ ನಮ್ಮದೇ ಮನೆಯ 20 ಅಡಿ ಎತ್ತರದ ಗೋಡೆ, ಪಶ್ಚಿಮಕ್ಕೆ ಪಕ್ಕದವರ ಹಲಸಿನ ಮರ. ಹಸಿ ಬಟ್ಟೆ ಹರವಿದರೆ ಮರುದಿನ ಮುಟ್ಟಿ ನೋಡಬೇಕು, ಅಂಥ ನೆರಳು. ಅಲ್ಲಿ ಗುಲಾಬಿ ನೆಟ್ಟೆ, ಕಡ್ಡಿ ಉಳಿಯಿತು. ದಾಸವಾಳ ನೆಟ್ಟೆ, ಎಲೆ ಬಂತು, ಮೊಗ್ಗು ಬರಲಿಲ್ಲ. ಮಲ್ಲಿಗೆ ಬಳ್ಳಿ ಬೆಳಕು ಹುಡುಕುತ್ತ ಕಾಂಪೌಂಡು ದಾಟಿ ಪಕ್ಕದವರ ತಾರಸಿ ಹತ್ತಿ ಅಲ್ಲಿ ಹೂ ಬಿಟ್ಟಿತು. ನೀರು ನನ್ನದು, ಪರಿಮಳ ಅವರದು. ಕಸುಬಿನಿಂದ ನಾನು ಹೊಲಿಗೆಯವಳು. ಅಳತೆ ತಪ್ಪಿ ಕತ್ತರಿಸಿದವಳು ಬಟ್ಟೆಯನ್ನು ದೂರಿದರೆ ನನಗೆ ನಗು ಬರುತ್ತದೆ. ಆದರೂ ಆರು ವರ್ಷ ನಾನು ಆ ಜಾಗವನ್ನೇ ದೂರುತ್ತಿದ್ದೆ.

ಈಗ ಅಲ್ಲಿ, ತಲೆಯ ಮೇಲೆ, ಹಳದಿಯೂ ಕೆಂಗಂದೂ ಬೆರೆತ ಹೂಗೊಂಚಲುಗಳು ಸಾಲಾಗಿ ತೂಗುತ್ತವೆ. ಅವುಗಳಲ್ಲಿ ಉದ್ದದ್ದನ್ನು ಹೋದ ಜನವರಿಯಲ್ಲಿ ಟೇಪು ಹಿಡಿದು ಅಳೆದೆ: 31 ಅಂಗುಲ. ಬಳ್ಳಿಯ ಹೆಸರು ಥನ್‌ಬರ್ಜಿಯಾ ಮೈಸೂರೆನ್ಸಿಸ್. ಸಸಿ ಮಾರುವವರು ಮೈಸೂರು ಕ್ಲಾಕ್ ವೈನ್ ಎನ್ನುತ್ತಾರೆ, ನಾನು ಮೈಸೂರು ಬಳ್ಳಿ ಎನ್ನುತ್ತೇನೆ. ನಿಮ್ಮಲ್ಲಿಯೂ ಇಂಥದೊಂದು ನೆರಳಿನ ಮೂಲೆ ಇದ್ದರೆ, ನಾನು ಮಾಡಿದ ತಪ್ಪುಗಳನ್ನು ಬಿಟ್ಟು ಉಳಿದದ್ದನ್ನು ಮಾಡಿ.

ಯಾವ ಬಳ್ಳಿ, ಯಾವುದು ಅಲ್ಲ

ಇದು ದಕ್ಷಿಣದ ಪಶ್ಚಿಮ ಘಟ್ಟಗಳ ಬಳ್ಳಿ. ಕರ್ನಾಟಕ, ಕೇರಳ, ತಮಿಳುನಾಡುಗಳ ಎತ್ತರದ ಕಾಡುಗಳ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ, ಮರಗಳಿಗೆ ಸುತ್ತಿಕೊಂಡು ಬೆಳೆಯುತ್ತದೆ. ಕನಕಾಂಬರ, ಆಡುಸೋಗೆಗಳ ಕುಟುಂಬವೇ ಇದರದೂ. ಥನ್‌ಬರ್ಜಿಯಾ ಎಂಬ ಕುಲದ ಹೆಸರು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥನ್‌ಬರ್ಗ್ (1743–1828) ಅವರಿಂದ ಬಂದದ್ದು. ಈ ಜಾತಿಯನ್ನು 19ನೇ ಶತಮಾನದಲ್ಲಿ ಮೊದಲು ವರ್ಣಿಸಿದವರು ಮದ್ರಾಸ್ ಪ್ರಾಂತ್ಯದಲ್ಲಿದ್ದ ರಾಬರ್ಟ್ ವೈಟ್. ಆಗ ಅವರು ಇದನ್ನು ಸೇರಿಸಿದ್ದು ಹೆಕ್ಸಾಸೆಂಟ್ರಿಸ್ ಎಂಬ ಕುಲಕ್ಕೆ. ಕುಲದ ಹೆಸರು ಬದಲಾದರೂ ಮೈಸೂರಿನ ಹೆಸರು ಹಾಗೆಯೇ ಉಳಿಯಿತು.

ಕಾಡಿನ ಅಂಚು ಎಂಬ ಮಾತನ್ನು ನೆನಪಿನಲ್ಲಿಡಿ. ಕಾಡಿನ ನಡುವಿನ ಕತ್ತಲೆಯೂ ಅಲ್ಲ, ಬಯಲಿನ ಬಿಸಿಲೂ ಅಲ್ಲ. ಬುಡ ತಂಪಾದ ನೆರಳಿನಲ್ಲಿ, ಎಲೆಗೊಬ್ಬರದ ಮೆತ್ತೆಯಲ್ಲಿ ಇರುತ್ತದೆ. ತಲೆ ಮರದ ಕೊಂಬೆಗಳ ನಡುವೆ ಬೆಳಕು ಸಿಕ್ಕಲ್ಲಿ ಇರುತ್ತದೆ. ಹೂಗೊಂಚಲು ಅಲ್ಲಿಂದ ಮತ್ತೆ ನೆರಳಿಗೇ ಇಳಿಯುತ್ತದೆ. ಈ ಬಳ್ಳಿಗೆ ಮಾಡಬೇಕಾದ ಎಲ್ಲ ಕೆಲಸವೂ ಈ ಮೂರನ್ನು ನಮ್ಮ ಹಿತ್ತಲಿನಲ್ಲಿ ಹೊಂದಿಸಿಕೊಡುವುದೇ.

ಸಸಿ ತರುವಾಗ ಎಚ್ಚರ. ನಾನು ಮೊದಲು ತಂದದ್ದು ಮೈಸೂರು ಬಳ್ಳಿ ಎಂದೇ ಮಾರಿದ್ದ ಸಸಿ. ಒಂದೂವರೆ ವರ್ಷ ಅದಕ್ಕೆ ಉಪಚಾರ ಮಾಡಿದೆ. ಹೂ ಬಿಟ್ಟಾಗ ತಿಳಿನೀಲಿ! ಅದು ಥನ್‌ಬರ್ಜಿಯಾ ಲಾರಿಫೋಲಿಯಾ, ಆಗ್ನೇಯ ಏಷ್ಯಾದ ಕಡೆಯದು. ಅದರ ಅಕ್ಕ ಥನ್‌ಬರ್ಜಿಯಾ ಗ್ರ್ಯಾಂಡಿಫ್ಲೋರಾ ಕೂಡ ನೀಲಿಯೇ, ಅದರ ಎಲೆ ಅಗಲ, ಹೃದಯದ ಆಕಾರ, ಮುಟ್ಟಿದರೆ ಒರಟು. ಇವೆರಡೂ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮರಗಳನ್ನೇ ಮುಚ್ಚಿ ಹಾಕುವ ಕಳೆಯಾಗಿಬಿಟ್ಟಿವೆ. ಕಪ್ಪು ಕಣ್ಣಿನ ಕಿತ್ತಳೆ ಹೂವಿನ ಥನ್‌ಬರ್ಜಿಯಾ ಅಲಾಟಾ ಆಫ್ರಿಕಾದ್ದು. ಲಾರಿಫೋಲಿಯಾದ ಎಲೆ ಉದ್ದನೆಯದು, ಬುಡದಿಂದ ಮೂರು ನರ ಹೊರಡುತ್ತವೆ. ಮೈಸೂರು ಬಳ್ಳಿಯ ಎಲೆಯೂ ಉದ್ದನೆಯದೇ, ಮೂರು ನರದ್ದೇ. ಎಳೆಯ ಸಸಿಯ ಎಲೆ ನೋಡಿ ಇವೆರಡನ್ನು ಬೇರ್ಪಡಿಸುವ ಧೈರ್ಯ ನನಗೆ ಈಗಲೂ ಇಲ್ಲ. ಹೂವಿರುವ ಗಿಡವನ್ನೇ ತನ್ನಿ, ಅಥವಾ ಹೂ ಬಿಟ್ಟ ತಾಯಿಬಳ್ಳಿಯನ್ನು ಕಣ್ಣಾರೆ ಕಂಡು ಅದರ ಕಡ್ಡಿ ಕೇಳಿ. ಕಾಡಿನಿಂದ ಕಿತ್ತು ತರುವ ಯೋಚನೆ ಬೇಡ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ, ಮೇಲಾಗಿ ಬಲಿತ ಬಳ್ಳಿ ಬೇರು ಹರಿದ ಮೇಲೆ ಬದುಕುವುದು ಅಪರೂಪ.

ನೆರಳನ್ನು ಅಳೆಯಿರಿ

ಜನ ತೋಟದಲ್ಲಿ ನೆರಳಿದೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅಂಗಡಿಗೆ ಹೋಗಿ ಬಟ್ಟೆ ಕೊಡಿ ಎಂದಷ್ಟೇ ಹೇಳಿದ ಹಾಗೆ ಅದು. ಹತ್ತಿಯೋ, ರೇಷ್ಮೆಯೋ, ಅಸ್ತರಿನದೋ ಹೇಳಬೇಡವೇ?

ಗೋಡೆಯ ನೆರಳು ಒಂದು ಬಗೆ. ಅಲ್ಲಿ ಬಿಸಿಲು ಬರುವುದಿಲ್ಲ, ಆದರೆ ಮೇಲೆ ಆಕಾಶ ತೆರೆದಿರುತ್ತದೆ, ಮಣ್ಣಿನ ಪಸೆ ಬೇಗ ಆರುವುದಿಲ್ಲ. ಮರದ ನೆರಳು ಇನ್ನೊಂದು ಬಗೆ. ಅಲ್ಲಿ ಎಲೆಗಳ ಸಂದಿನಿಂದ ಬಿಸಿಲಿನ ಚುಕ್ಕೆಗಳು ಬೀಳುತ್ತಿರುತ್ತವೆ, ಆದರೆ ಮಣ್ಣಿನೊಳಗೆ ಮರದ ಬೇರುಗಳು ನೀರನ್ನೆಲ್ಲ ಕುಡಿದು ಮುಗಿಸಿರುತ್ತವೆ. ಮೂರನೆಯದು ಎರಡು ಕಟ್ಟಡಗಳ ನಡುವಿನ ಓಣಿಯ ನೆರಳು. ಮೇಲೆ ನೋಡಿದರೆ ಆಕಾಶ ನಾಲ್ಕು ಬೆರಳಿನಷ್ಟು. ಮೊದಲಿನ ಎರಡರಲ್ಲಿ ಮೈಸೂರು ಬಳ್ಳಿ ಬರುತ್ತದೆ. ಮೂರನೆಯದರಲ್ಲಿ ಬರೀ ಎಲೆ ಬರುತ್ತದೆ, ಹೂವಿನ ಆಸೆ ಬಿಡಿ. ಅಲ್ಲಿ ಜರಿಗಿಡಗಳನ್ನು ನೆಟ್ಟು ನೆಮ್ಮದಿಯಾಗಿರಬಹುದು.

ಅಳೆಯುವುದು ಸುಲಭ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ನನ್ನ ಬಳಿ ಸದಾ ಇರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಹೋಗಿ ಬಿಸಿಲು ಮುಗಿದು ನೆರಳು ಶುರುವಾಗುವ ಗೆರೆಯನ್ನು ನೆಲದ ಮೇಲೆ, ಗೋಡೆಯ ಮೇಲೆ ಎಳೆದೆ, ಪಕ್ಕದಲ್ಲಿ ಗಂಟೆ ಬರೆದೆ. ನಮ್ಮ ಅತ್ತೆಯವರು ಜಗುಲಿಯಲ್ಲಿ ಕುಳಿತು ನೋಡುತ್ತಿದ್ದವರು, "ನೆಲಕ್ಕೆ ಲಂಗ ಹೊಲಿಯುತ್ತೀಯೇನಮ್ಮ?" ಎಂದು ಕೇಳಿದರು. ಹೊಲಿಯದಿದ್ದರೂ ಅಳತೆ ಸಿಕ್ಕಿತು.

ಆದರೆ ಒಂದೇ ದಿನದ ಅಳತೆ ಸಾಲದು. ನಾನು ಎಡವಿದ್ದು ಇಲ್ಲಿಯೇ. ಈ ಬಳ್ಳಿಯ ತವರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲೇ ಇಲ್ಲ ಎಂದುಕೊಂಡವರು ಮೇ ತಿಂಗಳಿನಲ್ಲಿ ನೋಡಿದರೆ ಬೆಚ್ಚುತ್ತಾರೆ. ನಾನು ಮೇ ತಿಂಗಳಿನಲ್ಲಿ ಗೆರೆ ಎಳೆದು, ನಾಲ್ಕು ಗಂಟೆ ಬಿಸಿಲಿದೆ ಎಂದು ಹಿಗ್ಗಿದೆ. ಬಳ್ಳಿಯ ಹೂವಿನ ಹಂಗಾಮು ಚಳಿಗಾಲ. ಆ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಜಾರಿ, ನನ್ನ ಜಾಗದಲ್ಲಿ ನೆಲದ ಮಟ್ಟಕ್ಕೆ ಒಂದು ಚೂರೂ ಬಿಸಿಲು ಇರಲಿಲ್ಲ. ಆದ್ದರಿಂದ ಎರಡು ಸಲ ಅಳೆಯಿರಿ: ಮೇ ಅಥವಾ ಜೂನ್‌ನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ.

ಡಿಸೆಂಬರಿನ ಅಳತೆಯಿಂದ ನನಗೆ ಒಂದು ಬಂಗಾರದಂಥ ಸಂಗತಿ ತಿಳಿಯಿತು. ನಡುಹಗಲಿನಲ್ಲಿ 20 ಅಡಿ ಗೋಡೆಯ ನೆರಳು ನೆಲದ ಮೇಲೆ ಸುಮಾರು 15 ಅಡಿ ಚಾಚುತ್ತಿತ್ತು, ಅಂದರೆ 11 ಅಡಿಯ ಜಾಗ ಪೂರ್ತಿ ಮುಳುಗಿತ್ತು. ಆದರೆ ಏಣಿ ಹತ್ತಿ 9 ಅಡಿ ಎತ್ತರದಲ್ಲಿ ಕೈ ಚಾಚಿದರೆ, ಗೋಡೆಯಿಂದ ದೂರದ ಅಂಚಿನಲ್ಲಿ ಸುಮಾರು ಎರಡೂಮುಕ್ಕಾಲು ಅಡಿ ಅಗಲಕ್ಕೆ ಬಿಸಿಲು ಅಂಗೈ ಮೇಲೆ ಬೀಳುತ್ತಿತ್ತು. ನೆಲದಲ್ಲಿ ಇಲ್ಲದ ಬಿಸಿಲು ಮೇಲೆ ಇತ್ತು! ಬಳ್ಳಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡ. ದಿನಕ್ಕೆ ಎರಡು ಮೂರು ಗಂಟೆಯ ಎಳೆ ಬಿಸಿಲು, ಇಲ್ಲವೇ ದಿನವಿಡೀ ಸೋಸಿ ಬರುವ ಬೆಳಕು ಸಾಕು. ಪಶ್ಚಿಮದ ಮಧ್ಯಾಹ್ನದ ಬಿಸಿಲು ಮಾತ್ರ ಬೇಡವೇ ಬೇಡ. ಎಲೆಯ ಅಂಚು ಇಸ್ತ್ರಿ ತಾಗಿದ ಬಟ್ಟೆಯಂತೆ ಕಂದುತ್ತದೆ.

ಗುಣಿ ಮತ್ತು ನಾಟಿ

ಮಳೆ ಹಿಡಿದು ಮಣ್ಣು ನೆನೆದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್ ಒಳಗೆ ನೆಡಿ. ಗುಣಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ತೋಡಿದ ಕೂಡಲೇ ನೆಡಬೇಡಿ. ಎರಡು ಬಕೆಟ್ ನೀರು ಸುರಿದು, ಅದು ಇಂಗಿದ ಮೇಲೆ ಇನ್ನೊಮ್ಮೆ ಸುರಿದು, ಎರಡನೆಯ ಸಲದ ನೀರು ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ನೋಡಿ. ಒಂದೆರಡು ಗಂಟೆಯಲ್ಲಿ ಇಂಗಿದರೆ ಒಳ್ಳೆಯದು. ಮರುದಿನವೂ ನಿಂತಿದ್ದರೆ ಬೇರೆ ಜಾಗ ಹುಡುಕಿ, ಅಥವಾ ನೆಲದಿಂದ ಒಂದಡಿ ಎತ್ತರಿಸಿ ಮಡಿ ಕಟ್ಟಿ. ನೆರಳಿನ ಜಾಗದಲ್ಲಿ ಗಿಡ ಸಾಯುವುದು ನೀರು ಸಾಲದೆ ಅಲ್ಲ, ನೀರು ನಿಂತು.

ಗೋಡೆಯ ಬುಡಕ್ಕೆ ಅಂಟಿಸಿ ನೆಡುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿಯ ಮಣ್ಣಿನಲ್ಲಿ ಕಟ್ಟುವಾಗ ಬಿದ್ದ ಸಿಮೆಂಟು, ಸುಣ್ಣ, ಗಾರೆಯ ಚೂರು ತುಂಬಿರುತ್ತವೆ, ಮಳೆಯೂ ಸೂರಿನಿಂದಾಚೆಗೆ ಬೀಳುತ್ತದೆ. ಕಾಡಿನ ಎಲೆಗೊಬ್ಬರದಲ್ಲಿ ಬೆಳೆದ ಈ ಬಳ್ಳಿಗೆ ಕೊಂಚ ಹುಳಿ ಮಣ್ಣು ಇಷ್ಟ, ಸುಣ್ಣ ಕಂಡರೆ ಎಲೆ ಹಳದಿ ಮಾಡಿಕೊಳ್ಳುತ್ತದೆ. ಗೋಡೆಯಿಂದ ಎರಡು ಅಡಿಯಾದರೂ ಆಚೆ ಬನ್ನಿ. ಮರದ ಕೆಳಗಾದರೆ ಕಾಂಡದಿಂದ ಐದಾರು ಅಡಿ ದೂರದಲ್ಲಿ, ಹೆಬ್ಬೆರಳು ಗಾತ್ರದ ಬೇರು ಸಿಕ್ಕರೆ ಕತ್ತರಿಸದೆ ಪಕ್ಕಕ್ಕೆ ಸರಿದು ತೋಡಿ.

ತೋಡಿದ ಮಣ್ಣಿಗೆ ಅದರ ಅರ್ಧದಷ್ಟು ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿ. ಎಲೆಗೊಬ್ಬರ ಇಲ್ಲದಿದ್ದರೆ ಹಳೆಯ ಕೊಟ್ಟಿಗೆ ಗೊಬ್ಬರ. ಬಿಸಿಯಾಗಿರುವ ಹೊಸ ಗೊಬ್ಬರ ಬೇಡ. ಒಂದು ಹಿಡಿ ಬೇವಿನ ಹಿಂಡಿ. ಮಣ್ಣು ಜಿಗುಟಾಗಿದ್ದರೆ ಎರಡು ಬುಟ್ಟಿ ದಪ್ಪ ಮರಳು. ಸಸಿ ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಇಳಿಸಿ, ಕಾಂಡವನ್ನು ಹೂಳಬೇಡಿ. ಮೇಲೆ ಮೂರು ಅಂಗುಲ ದಪ್ಪಕ್ಕೆ ಒಣ ಎಲೆ ಹೊದಿಸಿ, ಕಾಂಡದ ಸುತ್ತ ಒಂದು ಗೇಣು ಬಿಟ್ಟು. ಪಕ್ಕದವರ ಹಲಸಿನ ಎಲೆಗಳ ವಿಷಯದಲ್ಲಿ ಮೊದಲು ನನಗೂ ಅವರಿಗೂ ತಕರಾರಿತ್ತು, ಈಗ ಅವರೇ ಗುಡಿಸಿ ಚೀಲದಲ್ಲಿ ಕಟ್ಟಿ ಕೊಡುತ್ತಾರೆ.

ಗೋಡೆಯಲ್ಲ, ಚಪ್ಪರ

ಇಷ್ಟೆಲ್ಲ ಅಳೆದೂ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಬಳ್ಳಿ ಎಂದರೆ ಗೋಡೆಗೆ ಹಬ್ಬುವುದು ಎಂಬ ಎಣಿಕೆಯಲ್ಲಿ ಗೋಡೆಗೆ ಬಿದಿರಿನ ಜಾಲರಿ ಹೊಡೆಸಿದೆ. ಬಳ್ಳಿಯೇನೋ ಏರಿತು. ಎರಡನೆಯ ವರ್ಷ ಮೊಗ್ಗೂ ಬಂತು. ಆದರೆ ಗೊಂಚಲುಗಳು ಎಲೆಗಳ ಒಳಗೆ, ಜಾಲರಿಯ ಹಿಂದೆ, ಗೋಡೆಗೆ ಒತ್ತಿಕೊಂಡು, ಮಡಚಿ ಪೆಟ್ಟಿಗೆಯಲ್ಲಿ ತುರುಕಿದ ಜರಿ ಸೀರೆಯಂತೆ ಮುದುಡಿ ಅಲ್ಲಲ್ಲಿಯೇ ಉದುರಿದವು. ಐದಾರು ಗೊಂಚಲು ಕಣ್ಣಿಗೆ ಬಿದ್ದದ್ದು ನಾನು ಎಲೆ ಸರಿಸಿ ಹುಡುಕಿದ್ದರಿಂದ.

ಈ ಬಳ್ಳಿಯ ಹೂ ಮೇಲಕ್ಕೆ ನೋಡುವುದಿಲ್ಲ, ಪಕ್ಕಕ್ಕೂ ನೋಡುವುದಿಲ್ಲ. ಗೊಂಚಲು ನೇರ ಕೆಳಗೆ ಇಳಿಯುತ್ತದೆ, ಮೂರು ಅಡಿಯವರೆಗೂ ಇಳಿಯಬಲ್ಲದು. ಅದಕ್ಕೆ ಬೇಕಾದದ್ದು ಒರಗಲು ಗೋಡೆಯಲ್ಲ, ತೂಗಲು ಸೂರು. ಲೆಕ್ಕ ಸರಳವಾಗಿದೆ: ಕೆಳಗೆ ಓಡಾಡಲು ಆರು ಅಡಿ, ಗೊಂಚಲಿಗೆ ಮೂರು ಅಡಿ, ಒಟ್ಟು ಒಂಬತ್ತು. ಏಳು ಅಡಿಗೆ ಚಪ್ಪರ ಹಾಕಿದರೆ ಹೂವೆಲ್ಲ ಹಣೆಗೆ ತಾಗುತ್ತದೆ.

ನಮ್ಮ ಮನೆಯವರು ಒಂದೂವರೆ ಅಂಗುಲದ ಕಬ್ಬಿಣದ ಪೈಪು ನಾಲ್ಕು ನಿಲ್ಲಿಸಿ, ಎರಡು ಅಡಿ ಆಳಕ್ಕೆ ಕಾಂಕ್ರೀಟು ಹಾಕಿಸಿ, ಮೇಲೆ ಅಡ್ಡಪೈಪು ಕೂರಿಸಿದರು. ಅವುಗಳ ನಡುವೆ ತುಕ್ಕು ಹಿಡಿಯದ ತಂತಿಯನ್ನು ಒಂದಡಿಗೊಂದರಂತೆ ಒಂದೇ ದಿಕ್ಕಿನಲ್ಲಿ ಬಿಗಿದೆವು. ಚೌಕ ಜಾಲರಿ ಬೇಡ. ಅಡ್ಡ ತಂತಿಗಳಿದ್ದರೆ ಇಳಿಯುವ ಗೊಂಚಲಿನ ತುದಿ ಸಿಕ್ಕಿಕೊಂಡು ಮುರಿಯುತ್ತದೆ, ಒಂದೇ ದಿಕ್ಕಿನ ತಂತಿಯಾದರೆ ಉದ್ದುದ್ದ ಸಂದಿನಲ್ಲಿ ಸಲೀಸಾಗಿ ಜಾರುತ್ತದೆ. ಎಲೆ ಉದುರಿಸದ, ಕಾಂಡ ದಪ್ಪಗಾಗುವ ಬಳ್ಳಿ ಇದು. ಮಳೆಯಲ್ಲಿ ನೆನೆದಾಗ ಅದರ ಭಾರ ಇನ್ನಷ್ಟು. ಗೂಟ, ದಾರ, ಬಿದಿರಿನ ಕಡ್ಡಿ ಎರಡು ವರ್ಷ ತಾಳುತ್ತವೆ, ಮೂರನೆಯ ಮಳೆಗಾಲದಲ್ಲಿ ಬಳ್ಳಿಯ ಸಮೇತ ಕುಸಿಯುತ್ತವೆ.

ಈ ಬಳ್ಳಿಗೆ ಅಂಟುವ ಬೇರಿಲ್ಲ, ಹಿಡಿಯುವ ಕುಡಿಬಳ್ಳಿಯೂ ಇಲ್ಲ. ಕಾಂಡವೇ ಸುತ್ತಿಕೊಂಡು ಏರುತ್ತದೆ. ಆದ್ದರಿಂದ ದಪ್ಪ ಕಂಬವನ್ನು ಅದು ಸುತ್ತಲಾರದು. ನೆಲದಿಂದ ಚಪ್ಪರದವರೆಗೆ ಒಂದು ಸೆಣಬಿನ ಹಗ್ಗ ಕಟ್ಟಿ, ಬಲವಾದ ಒಂದೇ ಒಂದು ಕುಡಿಯನ್ನು ಅದಕ್ಕೆ ಬಿಡಿ. ಕೆಳಗೆ ಒಡೆಯುವ ಉಳಿದ ಕುಡಿಗಳನ್ನು ಚಿವುಟುತ್ತ ಬನ್ನಿ. ಕರುಣೆ ಬೇಡ. ಚಪ್ಪರ ಮುಟ್ಟಿದ ಮೇಲೆ ತುದಿ ಚಿವುಟಿ, ಆಗ ಎರಡು ಮೂರು ಕವಲು ಒಡೆಯುತ್ತವೆ. ಅವನ್ನು ತಂತಿಯ ಉದ್ದಕ್ಕೆ ಬೆಳಕಿರುವ ಅಂಚಿನ ಕಡೆಗೆ ತಿರುಗಿಸಿ. ಕಟ್ಟಲು ತಂತಿ, ಪ್ಲಾಸ್ಟಿಕ್ ದಾರ ಬಳಸಬೇಡಿ, ಕಾಂಡ ದಪ್ಪಗಾದಾಗ ಕೊಯ್ಯುತ್ತವೆ. ಬನಿಯನ್ ಬಟ್ಟೆಯ ಪಟ್ಟಿ ಇದಕ್ಕೆ ಸರಿಸಾಟಿಯಿಲ್ಲದ ವಸ್ತು. ಕಾಂಡ ಬೆಳೆದಂತೆ ತಾನೂ ಹಿಗ್ಗುತ್ತದೆ.

ಚಪ್ಪರಕ್ಕೆ ಜಾಗವಿಲ್ಲದವರು ಬಲವಾದ ಮರದ ಕೊಂಬೆಗೆ ಬಿಡಬಹುದೇ ಎಂದು ಕೇಳುತ್ತಾರೆ. ದೊಡ್ಡ ಮಾವು, ಹಲಸು ತಾಳುತ್ತವೆ. ಚಿಕ್ಕ ಮರವಾದರೆ ಬಳ್ಳಿ ಅದರ ಬೆಳಕನ್ನೇ ಕದ್ದು ಕೊನೆಗೆ ಇಬ್ಬರೂ ಸೊರಗುತ್ತಾರೆ. ಮಹಡಿಯ ಬಾಲ್ಕನಿಯಿಂದ ಕೆಳಗೆ ಇಳಿಬಿಡುವುದು ಇನ್ನೊಂದು ದಾರಿ. ಅದಕ್ಕೆ ಎರಡು ಅಡಿ ಅಗಲದ ಕುಂಡವಾದರೂ ಬೇಕು.

ನೀರು, ಗೊಬ್ಬರ

ಇದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಹೊದಿಕೆಯ ಎಲೆ ಸರಿಸಿ ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ, ತಂಪು ತಾಗಿದರೆ ನೀರು ಬೇಡ, ತಾಗದಿದ್ದರೆ ಒಂದು ಬಕೆಟ್. ಮೊದಲ ವರ್ಷ ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಆಗಬಹುದು. ಮರದ ಕೆಳಗಿನದಕ್ಕೆ ಇದಕ್ಕಿಂತ ಹೆಚ್ಚು. ಗೊಬ್ಬರ ವರ್ಷಕ್ಕೆ ಎರಡು ಬಾರಿ, ಮಳೆ ಶುರುವಾಗುವಾಗ ಒಂದು ಬುಟ್ಟಿ ಎಲೆಗೊಬ್ಬರ, ಸೆಪ್ಟೆಂಬರಿನಲ್ಲಿ ಎರಡು ಬೊಗಸೆ ಎರೆಗೊಬ್ಬರ. ಯೂರಿಯಾದ ಆಸೆಗೆ ಬೀಳಬೇಡಿ. ಸಾರಜನಕ ಹೆಚ್ಚಾದರೆ ಎಲೆ ಅಂಗೈ ಅಗಲ ಬಂದು ಹೂ ಮುಂದೂಡುತ್ತದೆ. ಬೂದಿ ಒಳ್ಳೆಯದೆಂದು ಒಲೆಯ ಬೂದಿಯನ್ನೆಲ್ಲ ತಂದು ಸುರಿಯುವವರೂ ಇದ್ದಾರೆ. ಬೂದಿಯೂ ಸುಣ್ಣದಂತೆ ಮಣ್ಣಿನ ಹುಳಿಯನ್ನು ಕಳೆಯುತ್ತದೆ, ಬೇಡ. ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವ ಕಡೆ ಈ ಬಳ್ಳಿ ನರಳುತ್ತದೆ, ಅಂಥಲ್ಲಿ ಕುಂಡದಲ್ಲಿ ಬೆಳೆಸಿ ಚಳಿಗೆ ಒಳಗೆ ತರಬೇಕು.

ಹೂ, ಸೂರಕ್ಕಿ, ಮತ್ತು ಬಿಳಿ ಬಟ್ಟೆ

ಕಡ್ಡಿಯಿಂದ ಬೆಳೆದ ಸಸಿ ಸಾಮಾನ್ಯವಾಗಿ ಎರಡನೆಯ ಮೂರನೆಯ ವರ್ಷ ಹೂ ಬಿಡುತ್ತದೆ. ಎಲೆಯ ಕಂಕುಳಿನಿಂದ ಮೊದಲು ಒಂದು ನೂಲು ಇಳಿಯುತ್ತದೆ. ಬಳ್ಳಿಯ ಹೊಸ ಕುಡಿಯೆಂದು ತಿಳಿದು ಮೇಲಕ್ಕೆ ಎತ್ತಿ ಕಟ್ಟಲು ಹೋಗಬೇಡಿ, ನಾನು ಎರಡನ್ನು ಹಾಗೆ ಮುರಿದಿದ್ದೇನೆ. ಗುರುತು ಹೀಗೆ: ಕುಡಿ ಸುತ್ತಲು ಆಸರೆ ಹುಡುಕುತ್ತದೆ, ಗೊಂಚಲು ಸುಮ್ಮನೆ ಜೋತುಬೀಳುತ್ತದೆ. ನೂಲಿನ ಮೇಲೆ ಕೆನ್ನೀಲಿ ಮಿಶ್ರಿತ ಕೆಂಪು ಬಣ್ಣದ ಮೊಗ್ಗುಗಳು ಕೂರುತ್ತವೆ. ಪ್ರತಿ ಮೊಗ್ಗನ್ನೂ ಎರಡು ಹೊರಎಲೆಗಳು ಜೇಬಿನ ಮುಚ್ಚಳದಂತೆ ಮುಚ್ಚಿರುತ್ತವೆ. ಅವು ಬಿರಿದಾಗ ಒಳಗಿನಿಂದ ಎರಡು ಅಂಗುಲದ ಹಳದಿ ಹೂ ಬಾಯಿ ತೆರೆಯುತ್ತದೆ, ಅಂಚಿಗೆ ಕೆಂಗಂದು ಬಣ್ಣದ ಪೈಪಿಂಗ್ ಕೊಟ್ಟ ಹಾಗೆ. ಮೇಲಿನ ಹೂಗಳು ಮೊದಲು ಅರಳಿ ಉದುರುತ್ತವೆ, ತುದಿ ಇನ್ನೂ ಕೆಳಕ್ಕೆ ಬೆಳೆಯುತ್ತ ಹೊಸ ಮೊಗ್ಗು ಕಟ್ಟುತ್ತಿರುತ್ತದೆ. ಮೇಲೆ ಬರಿದಾಯಿತೆಂದು ಗೊಂಚಲು ಕತ್ತರಿಸಬೇಡಿ, ತುದಿಯ ಕೊನೆಯ ಮೊಗ್ಗಿನವರೆಗೆ ಕಾಯಿರಿ.

ಹೂವಿನ ತುಂಬ ಮಕರಂದ. ಬಾಗಿದ ಕೊಕ್ಕಿನ ಸೂರಕ್ಕಿಗಳಿಗಾಗಿಯೇ ಈ ಹೂ ರೂಪುಗೊಂಡದ್ದು. ತವರಿನಲ್ಲಿ ಪರಾಗ ಸಾಗಿಸುವ ಕೆಲಸ ಅವುಗಳದು. ನಮ್ಮಲ್ಲಿ ಬೆಳಿಗ್ಗೆ ಏಳೂವರೆಗೆ ಮೊದಲ ಜೋಡಿ ಬರುತ್ತದೆ. ಗೊಂಚಲಿನ ನೂಲಿಗೆ ಜೋತುಬಿದ್ದು ಒಂದೊಂದೇ ಹೂವಿಗೆ ಕೊಕ್ಕು ಇಳಿಸುವಾಗ ಅವುಗಳ ಹಣೆಗೆ ಪರಾಗ ಹಳದಿಯಾಗಿ ಅಂಟುತ್ತದೆ. ಆ ಹೊತ್ತಿಗೆ ನಾನು ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿ ಎಳೆದುಕೊಂಡಿರುತ್ತೇನೆ, ಆದರೆ ತುಳಿಯುವುದಿಲ್ಲ. ಸದ್ದಿಗೆ ಹಾರಿಹೋಗುತ್ತವೆ.

ಹಕ್ಕಿ ಕುಡಿದು ಉಳಿಸಿದ ಮಕರಂದ ಕೆಳಗೆ ತೊಟ್ಟಿಕ್ಕುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಚಪ್ಪರದ ಕೆಳಗೆ ಹಗ್ಗ ಕಟ್ಟಿ, ನೆನೆಸಿ ಹಿಂಡಿದ ಐದು ಗಜ ಬಿಳಿ ಬಟ್ಟೆಯನ್ನು ಹರವಿದ್ದೆ. ಗಿರಾಕಿಯ ಬಟ್ಟೆ. ಸಂಜೆ ನೋಡಿದರೆ ಅದರ ತುಂಬ ಜಿಗುಟು ಚುಕ್ಕೆ, ಚುಕ್ಕೆಗೊಂದು ಇರುವೆ. ಸಕ್ಕರೆ ನೀರಿನಂಥದೇ ಆದ್ದರಿಂದ ತೊಳೆದಾಗ ಹೋಯಿತು, ನನ್ನ ಜೀವ ಮಾತ್ರ ಒಣಗುವವರೆಗೆ ಬಾಯಿಗೆ ಬಂದಿತ್ತು. ಕೆಳಗೆ ಮೆತ್ತೆಯ ಕುರ್ಚಿ, ಕಾರು, ಬಟ್ಟೆ ಇಡಬೇಡಿ. ಕಲ್ಲುಹಾಸು ಇದ್ದರೆ ವಾರಕ್ಕೊಮ್ಮೆ ನೀರು ಹಾಕಿ ತೊಳೆಯಿರಿ. ನಾನು ಈಗ ಅಲ್ಲಿ ಜರಿಗಿಡ, ನೆಲಕ್ಕೆ ಹರಡುವ ಒಂದೆಲಗ ಬೆಳೆಸಿದ್ದೇನೆ, ತೊಟ್ಟಿಕ್ಕಿದರೆ ತೊಟ್ಟಿಕ್ಕಲಿ.

ಸವರುವುದು

ಹೂ ಮುಗಿದ ಮೇಲೆ, ಸುಮಾರು ಏಪ್ರಿಲ್‌ನಲ್ಲಿ, ಒಂದು ಸಲ. ಒಣಗಿದ ಕಡ್ಡಿ, ಒಂದರ ಮೇಲೊಂದು ಏರಿದ ಕವಲು, ತಂತಿ ಬಿಟ್ಟು ಗೋಡೆಯತ್ತ ಓಡುವ ಕುಡಿ, ಇವನ್ನು ತೆಗೆಯಿರಿ. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದಾಗ ಅಲ್ಲಲ್ಲಿ ಆಕಾಶ ಕಾಣಬೇಕು. ಕಾಣದಷ್ಟು ದಟ್ಟವಾದರೆ ಒಳಗಿನ ಎಲೆಗಳು ಹಳದಿಯಾಗಿ ಉದುರುತ್ತವೆ, ಹೂ ಅಂಚಿಗಷ್ಟೇ ಬರುತ್ತದೆ. ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಒಂದು ವರ್ಷ ಕೈ ತುರಿಕೆಗೆ ಅಕ್ಟೋಬರಿನಲ್ಲಿ ಕತ್ತರಿ ಹಿಡಿದೆ. ಆ ಚಳಿಗಾಲದಲ್ಲಿ ನನಗೆ ಸಿಕ್ಕಿದ್ದು ನಾಲ್ಕು ಗೊಂಚಲು, ಅತ್ತೆಯವರ ಒಂದು ನೋಟ.

ಹುಳುವಿನ ಕಾಟ ಹೆಚ್ಚಿಲ್ಲ. ಗಾಳಿಯಾಡದ ಮೂಲೆಯಲ್ಲಿ ಹಿಟ್ಟು ತಿಗಣೆ, ಕಾಂಡಕ್ಕೆ ಅಂಟಿದ ಶಲ್ಕ ಕೀಟ, ಬೇಸಿಗೆಯ ಒಣಹವೆಯಲ್ಲಿ ಎಲೆಯ ಅಡಿಗೆ ನುಸಿ ಬರಬಹುದು. ನುಸಿಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದರೆ ಸಾಕು. ಉಳಿದವಕ್ಕೆ ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಕಲಸಿ ಸಂಜೆಯಲ್ಲಿ ಸಿಂಪಡಿಸಿ. ಹೂವಿರುವಾಗ ಗೊಂಚಲಿಗೆ ತಾಗದಂತೆ ನೋಡಿಕೊಳ್ಳಿ. ರಾಸಾಯನಿಕ ವಿಷವನ್ನು ಮಾತ್ರ ಈ ಬಳ್ಳಿಗೆ ಹಾಕಲೇಬೇಡಿ, ಮರುಬೆಳಿಗ್ಗೆ ಅದೇ ಹೂವಿಗೆ ಹಕ್ಕಿ ಬಾಯಿ ಹಾಕುತ್ತದೆ. ಇರುವೆಗಳು ಸಿಹಿಗೆ ಬಂದವು, ಅವನ್ನು ಅವುಗಳ ಪಾಡಿಗೆ ಬಿಡಿ.

ಇನ್ನೊಂದು ಬಳ್ಳಿ

ಬೀಜ ಕಟ್ಟುವುದು ಅಪರೂಪ, ಅದನ್ನು ನೆಚ್ಚಬೇಡಿ. ಮಳೆಗಾಲದಲ್ಲಿ ಪೂರ್ತಿ ಎಳೆಯದೂ ಅಲ್ಲದ, ಮರದಂತೆ ಬಲಿತದ್ದೂ ಅಲ್ಲದ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ, ಮೂರು ಗೆಣ್ಣು ಇರುವಂತೆ, ಕೆಳಗಿನ ಗೆಣ್ಣಿನ ಕೆಳಗೇ ಕತ್ತರಿಸಿ. ಕೆಳಗಿನ ಎರಡು ಗೆಣ್ಣಿನ ಎಲೆ ತೆಗೆದು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಸೇರಿಸಿದ ಕುಂಡದಲ್ಲಿ ಊರಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕವುಚಿ ನೆರಳಿನಲ್ಲಿ ಇಡಿ. ಐದಾರು ವಾರದಲ್ಲಿ ಬೇರು ಬರುತ್ತದೆ. ನನ್ನ ಕೈಯಲ್ಲಿ ಹತ್ತರಲ್ಲಿ ಐದು ಉಳಿಯುತ್ತವೆ. ಅದಕ್ಕಿಂತ ಭರವಸೆಯ ದಾರಿ ಬುಡದ ಬಳಿಯ ಉದ್ದ ಕವಲನ್ನು ಬಾಗಿಸಿ, ಗೆಣ್ಣಿನ ಕೆಳಗೆ ಚಾಕುವಿನಿಂದ ಸಣ್ಣದಾಗಿ ಗೀರಿ, ಮಣ್ಣು ತುಂಬಿದ ಕುಂಡದಲ್ಲಿ ಆ ಗೆಣ್ಣನ್ನು ಹೂತು ಮೇಲೆ ಕಲ್ಲು ಹೇರುವುದು. ತಾಯಿಬಳ್ಳಿಯ ಹಾಲು ಕುಡಿಯುತ್ತಲೇ ಅದು ಬೇರು ಬಿಡುತ್ತದೆ. ಮೂರು ತಿಂಗಳ ಮೇಲೆ ಮೆಲ್ಲಗೆ ಎಳೆದು ನೋಡಿ, ಬಿಗಿ ಹಿಡಿದಿದ್ದರೆ ತಾಯಿಯಿಂದ ಕತ್ತರಿಸಿ, ಮತ್ತೆ ಹದಿನೈದು ದಿನ ಅಲ್ಲಿಂದ ಅಲುಗಿಸದೆ ಇಡಿ.

ಈ ಮಳೆಗಾಲದಲ್ಲಿ ಹೀಗೆ ಏಳು ಕುಂಡ ಮಾಡಿದ್ದೇನೆ, ನಾಲ್ಕು ಈಗಾಗಲೇ ಬೇರೆಯವರಿಗೆ ಒಪ್ಪಿಸಿಯಾಗಿದೆ. ಅಂಗಿಯ ಕಾಲರಿಗೆ ಹಾಕುವ ಬಿಳಿ ಪಟ್ಟಿಯ ಮೇಲೆ ಮಾಸದ ಮಸಿಯಲ್ಲಿ ಹೂವಿನ ಹೆಸರು, ಅದರ ಕೆಳಗೆ "ಹಳದಿ, ಅಂಚು ಕೆಂಗಂದು, ನೀಲಿ ಅಲ್ಲ" ಎಂದು ಬರೆದು ಪ್ರತಿ ಸಸಿಯ ಕುತ್ತಿಗೆಗೂ ಸಡಿಲವಾಗಿ ಕಟ್ಟಿದ್ದೇನೆ.